ಬಿಡಿಸಿಕೊಂಡು ತಂದ ನಾಯಕರು

ಕೇಳುಗರಿಗೆ ನಮಸ್ಕಾರ.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮಮ್ಮ ಅಣ್ಣನ ಕಾಲೇಜು ಫೀಸಿಗೆಂದು ತಮ್ಮ ಎರಡು ಬಳೆ ಅಡ ಇಟ್ಟಿದ್ದರು. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಬಿಡಿಸಿಕೊಂಡು ಬಂದ ದಿನ ನಾನೂ ಜೊತೆಗಿದ್ದೆ. ಅಂಗಡಿಯವರು ಕಬ್ಬಿಣದ ಪೆಟ್ಟಿಗೆಯಿಂದ ಒಂದು ಸಣ್ಣ ಬಟ್ಟೆಗಂಟು ತೆಗೆದು, ಚೀಟಿಯ ನಂಬರು ನೋಡಿ, ಬಿಚ್ಚಿ, ತಕ್ಕಡಿಯಲ್ಲಿಟ್ಟು ತೂಗಿ ತೋರಿಸಿದರು. ಅಮ್ಮ ತೂಕದ ಕಡೆ ನೋಡಲೇ ಇಲ್ಲ. ಒಂದು ಬಳೆಯ ಅಂಚಿನಲ್ಲಿ ನೆಗ್ಗು ಇತ್ತು, ಯಾವತ್ತೋ ಬಾವಿಕಟ್ಟೆಗೆ ತಾಗಿ ಆದದ್ದು. ಹೆಬ್ಬೆರಳು ಸವರಿ ಆ ನೆಗ್ಗನ್ನು ಹುಡುಕಿಕೊಂಡು, "ಹೌದು, ನನ್ನದೇ" ಅಂದರು.

ಭಾನುವಾರದ ಆರಾಧನೆಯಲ್ಲಿ 'ವಿಮೋಚನೆ' ಎಂಬ ಮಾತನ್ನು ನೂರಾರು ಸಲ ಕೇಳಿದ್ದೆ. ಅದರ ಅರ್ಥ ಮನಸ್ಸಿಗೆ ಇಳಿದದ್ದು ಆ ಗಿರವಿ ಅಂಗಡಿಯಲ್ಲಿ. ನಮ್ಮದಾಗಿದ್ದು ಬೇರೆಯವರ ಕೈಸೇರಿದೆ, ಬೆಲೆ ಕೊಟ್ಟು ಬಿಡಿಸಿಕೊಳ್ಳಬೇಕು. ಇಂಗ್ಲಿಷಿನ 'ರಿಡೀಮ್' ಪದದ ಹೊಟ್ಟೆಯಲ್ಲಿರುವುದೂ ಇದೇ ಅರ್ಥ.

ಇವತ್ತು ನಾನು ಹೇಳಹೊರಟಿರುವ ಕಾದಂಬರಿಗಳ ನಾಯಕರು ಹೀಗೆ ಬೇರೊಬ್ಬರು ಬೆಲೆ ತೆತ್ತು ಬಿಡಿಸಿಕೊಂಡು ತಂದವರು. ಕುಡುಕರು, ಜೂಜುಕೋರರು, ಯುದ್ಧದಲ್ಲಿ ಕೊಂದು ಬಂದು ನಿದ್ದೆಗೆಟ್ಟವರು, ಮನುಷ್ಯರನ್ನೇ ಮಾರಿ ದುಡ್ಡು ಮಾಡಿದವರು. ಹಳೆಯ ಕಾಲದಲ್ಲಿ ನಡೆಯುವ ಕ್ರೈಸ್ತ ಪ್ರೇಮಕಥೆಗಳು ಇವು, ಅಮೆರಿಕದ ಪುಸ್ತಕದಂಗಡಿಗಳು ಇವನ್ನು 'ಕ್ರಿಶ್ಚಿಯನ್ ಹಿಸ್ಟಾರಿಕಲ್ ರೊಮಾನ್ಸ್' ಎಂಬ ಹೆಸರಿನಲ್ಲಿ ಮಾರುತ್ತವೆ. ನನ್ನ ಕೈಗೆ ಇವು ಬಂದದ್ದು ಚಿಕ್ಕಮ್ಮನ ಸೂಟ್‌ಕೇಸಿನಿಂದ. ಅವರು ಕುವೈತಿನಲ್ಲಿ ನರ್ಸ್ ಆಗಿದ್ದರು. ಹಾಸ್ಟೆಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಒಬ್ಬರಿಗೊಬ್ಬರು ಕೊಟ್ಟುಕೊಂಡು ಓದಿದ ಪುಸ್ತಕಗಳು. ಬೆನ್ನು ಬಿಟ್ಟುಕೊಂಡಿದ್ದವು, ಹಾಳೆಗಳ ಅಂಚು ಮೆತ್ತಗಾಗಿತ್ತು. ಹೊದಿಕೆಯ ಮೇಲೆ ಗೋಧಿ ಹೊಲ, ತಲೆಗೆ ಟೊಪ್ಪಿಗೆ ಕಟ್ಟಿಕೊಂಡ ಹುಡುಗಿ, ದೂರದಲ್ಲಿ ಕುದುರೆ ಮೇಲೊಬ್ಬ ಗಂಡಸು.

ಈ ಬಗೆಯ ಬರವಣಿಗೆ ಈಗಿನ ರೂಪದಲ್ಲಿ ಬೇರೂರಿದ್ದು 1979ರ ನಂತರ. ಆ ವರ್ಷ ಕೆನಡಾದ ಜ್ಯಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' ಪ್ರಕಟವಾಯಿತು. ಹೊಸ ನೆಲ ಹುಡುಕಿ ಪಶ್ಚಿಮಕ್ಕೆ ಹೊರಟ ಹುಡುಗಿಯ ಗಂಡ ದಾರಿಯಲ್ಲೇ ತೀರಿಕೊಳ್ಳುತ್ತಾನೆ. ಆಕೆ ಬಸುರಿ. ಹೆಂಡತಿಯನ್ನು ಕಳೆದುಕೊಂಡ ರೈತನೊಬ್ಬ, ತನ್ನ ಪುಟ್ಟ ಮಗಳಿಗೆ ತಾಯಿ ಬೇಕು, ನಿನಗೆ ಸೂರು ಬೇಕು, ಹೆಸರಿಗೆ ಮದುವೆಯಾಗೋಣ ಅನ್ನುತ್ತಾನೆ. ಆ ರೈತ ಮೊದಲ ಪುಟದಿಂದಲೂ ಒಳ್ಳೆಯವನೇ, ಬಿಡಿಸಿಕೊಳ್ಳಬೇಕಾದ ಅವಸ್ಥೆ ಅವನದಲ್ಲ. ಮಲಗುವ ಕೋಣೆಯ ಬಾಗಿಲು ಮುಚ್ಚೇ ಇರುತ್ತದೆ. ಮನೆಮಂದಿಯೆಲ್ಲ ಓದಬಹುದಾದ ಪ್ರೇಮಕಥೆ ಬೇಕೆಂದು ಕಾದಿದ್ದವರು ಅದನ್ನು ಎದೆಗವಚಿಕೊಂಡರು.

ಆ ಬಾಗಿಲು ಮುಚ್ಚಿರುವುದರಿಂದಲೇ ಜನ ಇವನ್ನು ಓದುತ್ತಾರೆ ಅನ್ನುವ ಮಾತಿದೆ. ಅದು ಅರ್ಧ ನಿಜ. ಇನ್ನರ್ಧಕ್ಕೆ ಫ್ರಾನ್ಸೀನ್ ರಿವರ್ಸ್ ಅವರನ್ನು ಓದಬೇಕು. ಮೊದಲು ಸಾಮಾನ್ಯ ಪ್ರೇಮ ಕಾದಂಬರಿಗಳನ್ನು ಬರೆಯುತ್ತಿದ್ದ ಅವರು 1986ರಲ್ಲಿ ಕ್ರಿಸ್ತನ ನಂಬಿಕೆಗೆ ಬಂದರು. ಆಮೇಲೆ ಬಂದದ್ದು 1991ರ 'ರಿಡೀಮಿಂಗ್ ಲವ್'. ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ 1850ರ ಕಾಲಕ್ಕೆ ಅವರು ಬೈಬಲಿನ ಹಳೆಯ ಒಡಂಬಡಿಕೆಯ ಹೋಶೇಯನ ಕಥೆಯನ್ನು ತಂದಿಟ್ಟರು. ಹೋಶೇಯ ಪ್ರವಾದಿ, ಬಿಟ್ಟು ಹೋದ ಹೆಂಡತಿಯನ್ನು ಹದಿನೈದು ಬೆಳ್ಳಿ ನಾಣ್ಯ, ಅದರ ಜೊತೆ ಜವೆಗೋದಿ ಅಳೆದು ಕೊಟ್ಟು ಮನೆಗೆ ಕರೆತಂದವನು. ಅಡ ಇಟ್ಟದ್ದನ್ನು ಬಿಡಿಸಿಕೊಂಡ ಲೆಕ್ಕ ಅಲ್ಲಿ ನೇರವಾಗಿಯೇ ಬರೆದಿದೆ. ಇಲ್ಲಿ ವಿಮೋಚನೆ ಹೆಣ್ಣಿಗೆ. ಗಂಡು ವಿಮೋಚನೆ ಹೊಂದುವ ಕಥೆಯನ್ನು ಅವರು ಆಮೇಲೆ ಬರೆದರು. ನನಗೆ ಅದೇ ಹೆಚ್ಚು ಪ್ರಿಯ.

1993 ಮತ್ತು 1994ರಲ್ಲಿ ಬಂದ ಎರಡು ಕಾದಂಬರಿಗಳಲ್ಲಿ ಹರಡಿಕೊಂಡ ಕಥೆ ಅದು. ಕ್ರಿಸ್ತಶಕ 70ರಲ್ಲಿ ರೋಮನರು ಯೆರೂಸಲೇಮನ್ನು ಹಾಳುಗೆಡವಿದಾಗ ಹದಸ್ಸಾ ಎಂಬ ಕ್ರೈಸ್ತ ಹುಡುಗಿ ಸೆರೆಸಿಕ್ಕು, ರೋಮಿನ ಒಂದು ಶ್ರೀಮಂತ ಮನೆಗೆ ದಾಸಿಯಾಗಿ ಬರುತ್ತಾಳೆ. ಆ ಮನೆಯ ಮಗ ಮಾರ್ಕಸ್. ದುಡ್ಡಿದೆ, ರೂಪವಿದೆ, ಬೇಕೆನಿಸಿದ ಹೆಣ್ಣು ಸಿಗುತ್ತಾಳೆ, ಯಾವುದರಲ್ಲೂ ರುಚಿಯಿಲ್ಲ. ಅವನು ಈ ದಾಸಿಯನ್ನು ನಿಜವಾಗಿ ಪ್ರೀತಿಸುತ್ತಾನೆ, ಮದುವೆಯಾಗು ಎಂದು ಕೇಳುತ್ತಾನೆ. ಅವಳಿಗೂ ಅವನ ಮೇಲೆ ಮನಸ್ಸಿದೆ. ಆದರೂ ಒಲ್ಲೆ ಅನ್ನುತ್ತಾಳೆ. ನನ್ನ ದೇವರು ನಿನಗೆ ಬೇಡವಾದ ಮೇಲೆ ನಾವಿಬ್ಬರೂ ಒಂದು ನೊಗಕ್ಕೆ ಕತ್ತು ಕೊಡುವುದು ಹೇಗೆ ಅನ್ನುವುದು ಅವಳ ನಿಲುವು. ಚಿಕ್ಕಮ್ಮನ ಪ್ರತಿಯಲ್ಲಿ ಆ ಹಾಳೆಯ ಮೂಲೆ ಮಡಚಿತ್ತು, ಪಕ್ಕದಲ್ಲಿ ಪೆನ್ಸಿಲಿನ ಗೀಟು.

ಮುಂದೆ ಹದಸ್ಸಾಳನ್ನು ಸಿಂಹಗಳ ಬಾಯಿಗೆ ದೂಡುತ್ತಾರೆ. ಅದಕ್ಕೆ ಕಾರಣಳಾದವಳು ಮಾರ್ಕಸನ ಸ್ವಂತ ತಂಗಿ. ಹದಸ್ಸಾ ಸತ್ತಳೆಂದೇ ಅವನು ತಿಳಿಯುತ್ತಾನೆ. ಅವಳ ದೇವರ ಮೇಲಿನ ಸಿಟ್ಟನ್ನು ಹೊತ್ತುಕೊಂಡು ಅವಳ ನಾಡಿಗೇ ಹೊರಡುತ್ತಾನೆ. ದಾರಿಯಲ್ಲಿ ಕಳ್ಳರು ಹೊಡೆದು ದೋಚುತ್ತಾರೆ, ಗುರುತಿಲ್ಲದ ಯೆಹೂದ್ಯನೊಬ್ಬ ಎತ್ತಿ ಮನೆಗೆ ಒಯ್ಯುತ್ತಾನೆ. ಸಿಟ್ಟು ಕರಗುತ್ತ ಬಂದು ಕೊನೆಗೆ ಅವನು ಆ ದೇವರಿಗೇ ಶರಣಾಗುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ಶರಣಾಗುವಾಗ ಅವನ ಪಾಲಿಗೆ ಹದಸ್ಸಾ ಇಲ್ಲ. ಬದಲಾದರೆ ಹುಡುಗಿ ಸಿಗುತ್ತಾಳೆ ಅನ್ನುವ ಆಸೆಗೆ ಜಾಗವೇ ಇಲ್ಲ. ಸಿಗುವುದೇನೂ ಇಲ್ಲದ ಹೊತ್ತಿನಲ್ಲಿ ತಿರುಗಿಕೊಂಡ ಗಂಡಸು ಅವನು. ಕನ್ನಡ ಬೈಬಲಿನಲ್ಲಿ, ಅಂದರೆ ಸತ್ಯವೇದದಲ್ಲಿ, ಇದಕ್ಕೊಂದು ಸೊಗಸಾದ ಪದವಿದೆ, 'ಮಾನಸಾಂತರ'. ಪಶ್ಚಾತ್ತಾಪದಲ್ಲಿ ಸುಡುವ ಬೇಗೆ ಇದೆ, ಮಾನಸಾಂತರದಲ್ಲಿ ಮನಸ್ಸೇ ಬೇರೆಯಾಗುತ್ತದೆ. ಈ ಕಥೆಗಳ ಸೆಳೆತ ಇರುವುದು ಇಲ್ಲೇ ಎಂದು ನನಗೆ ಮನವರಿಕೆಯಾಗಿದೆ. ಹೆಣ್ಣಿನ ತಾಳ್ಮೆಯಿಂದ, ಅವಳ ಕಣ್ಣೀರಿನಿಂದ ಗಂಡು ತಿದ್ದಿಕೊಳ್ಳುತ್ತಾನೆ ಎಂದು ನಂಬಿ ಹಾಳಾದ ಬದುಕುಗಳನ್ನು ನಾವೆಲ್ಲ ಕಂಡಿದ್ದೇವೆ. 'ಮದುವೆ ಮಾಡಿ, ಸರಿಹೋಗ್ತಾನೆ' ಅನ್ನುವ ಮಾತಿಗೆ ಎಷ್ಟು ಹುಡುಗಿಯರು ಬಲಿಯಾಗಿಲ್ಲ? ಒಳ್ಳೆಯ ವಿಮೋಚನೆಯ ಕಾದಂಬರಿ ಹೆಣ್ಣಿನ ಹೆಗಲಿನಿಂದ ಆ ಹೊರೆ ಇಳಿಸುತ್ತದೆ. ಅವನನ್ನು ಬಿಡಿಸಿಕೊಳ್ಳುವ ಬೆಲೆ ಅವಳು ತೆರಬೇಕಾದದ್ದಲ್ಲ. ಅದನ್ನು ತೆತ್ತವನು ಶಿಲುಬೆಯ ಮೇಲಿದ್ದಾನೆ ಅನ್ನುವುದು ಆ ಕಾದಂಬರಿಗಳ ನಂಬಿಕೆ, ನನ್ನ ನಂಬಿಕೆಯೂ ಹೌದು.

ಹಳೆಯ ಕಾಲವೇ ಯಾಕೆ ಬೇಕು ಎಂದು ಕೇಳಬಹುದು. ಮಾನಸಾಂತರಕ್ಕೆ ಹೊತ್ತು ಬೇಕು, ಆ ಕಾಲದಲ್ಲಿ ಹೊತ್ತು ಇತ್ತು. ಕಾಗದ ತಲುಪಲು ತಿಂಗಳುಗಳು ಬೇಕು. 1862ರ ಅಮೆರಿಕದ ಕಾಯಿದೆಯಂತೆ 160 ಎಕರೆ ಸರ್ಕಾರಿ ನೆಲ ತನ್ನದಾಗಬೇಕಾದರೆ ಐದು ವರ್ಷ ಅಲ್ಲೇ ನೆಲೆಸಿ ಉತ್ತಿರಬೇಕು. ಐದು ಸುಗ್ಗಿ, ಐದು ಚಳಿಗಾಲ. ಒಬ್ಬ ಗಂಡಸಿನ ಮಾತು ಎಷ್ಟು ಗಟ್ಟಿ ಎಂದು ನೆರೆಯವರಿಗೆ ಗೊತ್ತಾಗಲು ಅಷ್ಟು ಸಾಕು.

ಆದರೆ ಹಳೆಯ ಕಾಲ ಬರೀ ಗೋಧಿ ಹೊಲವಲ್ಲ. ಆ ನೆಲ ಅದಕ್ಕೂ ಮೊದಲು ಬೇರೆಯವರದಾಗಿತ್ತು. 2021ರಲ್ಲಿ ಅಮೆರಿಕದ ಪ್ರೇಮ ಕಾದಂಬರಿಕಾರರ ಸಂಘ, ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ, ಕ್ಯಾರೆನ್ ವಿಟ್ಮೆಯರ್ ಅವರ 'ಅಟ್ ಲವ್ಸ್ ಕಮಾಂಡ್' ಕಾದಂಬರಿಗೆ ಪ್ರಶಸ್ತಿ ಕೊಟ್ಟು, ಕೆಲವೇ ದಿನಗಳಲ್ಲಿ ವಾಪಸು ಪಡೆಯಿತು. ಅದರ ನಾಯಕ 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಲಕೋಟಾ ಎಂಬ ಮೂಲನಿವಾಸಿ ಜನರನ್ನು ಕೊಂದ ಅಶ್ವದಳದಲ್ಲಿದ್ದವನು. ಅಲ್ಲಿ 150ಕ್ಕೂ ಹೆಚ್ಚು ಮಂದಿ ಸತ್ತರು, ಹೆಂಗಸರು ಮಕ್ಕಳು ಸೇರಿ. ನಾಯಕ ಆ ನೆನಪಿನಿಂದ ನರಳಿ ಸೈನ್ಯ ಬಿಡುತ್ತಾನೆ, ಮುಂದೆ ಪ್ರೀತಿ ಸಿಗುತ್ತದೆ. ಸತ್ತವರ ಕಡೆಯವರು ಇವನ ವಿಮೋಚನೆಗೆ ಬರೀ ಹಿನ್ನೆಲೆಯಾಗಿ ಉಳಿಯಬೇಕೇ ಎಂದು ಅನೇಕ ಓದುಗರು ಕೇಳಿದರು. ಪಾಪಿಗೆ ಕ್ಷಮೆಯಿಲ್ಲ ಅಂದರೆ ಸುವಾರ್ತೆಗೆ ಏನರ್ಥ ಎಂದು ಇನ್ನು ಕೆಲವರು ಕೇಳಿದರು. ಎರಡನೆಯವರ ನಂಬಿಕೆ ನನ್ನದು, ಮೊದಲನೆಯವರ ಪ್ರಶ್ನೆಯೂ ನನ್ನದು. ದೇವರ ಕೃಪೆಗೆ ಮಿತಿಯಿಲ್ಲ, ಸರಿ. ಆದರೆ ಲೂಕನ ಸುವಾರ್ತೆಯಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಯೇಸುವನ್ನು ನೋಡಲು ಹತ್ತಿದ್ದ ಮರದಿಂದ ಇಳಿದು, ಏನು ಹೇಳುತ್ತಾನೆ? ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ನೋವುಂಡವರ ಮನೆಬಾಗಿಲಿಗೆ ಹೋಗದ ನಾಯಕನನ್ನು ನಾನು ಪೂರ್ತಿ ನಂಬಲಾರೆ.

ಜಾನ್ ನ್ಯೂಟನ್ ನನ್ನನ್ನು ಕಾಡುವುದು ಇದಕ್ಕೇ. 'ಅಮೇಜಿಂಗ್ ಗ್ರೇಸ್' ಎಂಬ ಕ್ರೈಸ್ತ ಭಕ್ತಿಗೀತೆ ಬರೆದ ಇಂಗ್ಲೆಂಡಿನವನು. ಅವನ ಮತ್ತು ಪಾಲಿ ಕ್ಯಾಟ್ಲೆಟ್‌ಳ ಪ್ರೇಮದ ಮೇಲೆ 2016ರಲ್ಲಿ ಜೋಡಿ ಹೆಡ್ಲಂಡ್ ಅವರ ಕಾದಂಬರಿಯೂ ಬಂದಿದೆ. ಅವನ ಬದುಕೇ ಒಂದು ಕಾದಂಬರಿ. ಪಾಲಿಯನ್ನು ಕಂಡಾಗ ಅವಳಿನ್ನೂ ಚಿಕ್ಕ ಹುಡುಗಿ. ನೌಕಾಪಡೆಗೆ ಬಲವಂತವಾಗಿ ಎಳೆದೊಯ್ದರು, ಓಡಿಹೋಗಿ ಸಿಕ್ಕಿಬಿದ್ದು ಚಾಟಿಯೇಟು ತಿಂದ, ಆಫ್ರಿಕದ ಕರಾವಳಿಯಲ್ಲಿ ತಾನೇ ಗುಲಾಮನ ಹಾಗೆ ಹಸಿದು ಬಿದ್ದಿದ್ದ. 1748ರ ಮಾರ್ಚಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದ. 1750ರಲ್ಲಿ ಪಾಲಿಯನ್ನು ಮದುವೆಯಾದ. ಪ್ರೇಮ ಕಾದಂಬರಿಗಳು ಮಂಗಳ ಹಾಡುವ ಜಾಗ ಇದು.

ಚರಿತ್ರೆ ಅಲ್ಲಿ ಮುಗಿಯುವುದಿಲ್ಲ. ಮದುವೆಯಾದ ಮೇಲೆಯೇ ಅವನು ಗುಲಾಮರ ಹಡಗಿಗೆ ಕಪ್ತಾನನಾದ. ಡೆಕ್ಕಿನ ಕೆಳಗೆ ಸಂಕೋಲೆ ಹಾಕಿದ ಜನ, ಮೇಲಿನ ಕ್ಯಾಬಿನ್ನಿನಲ್ಲಿ ಪ್ರಾರ್ಥನೆ ಮಾಡುತ್ತ, ಹೆಂಡತಿಗೆ ಅಕ್ಕರೆಯ ಕಾಗದ ಬರೆಯುತ್ತ ಕೂತ ನ್ಯೂಟನ್. 1754ರಲ್ಲಿ ಕಾಯಿಲೆಯಿಂದ ಸಮುದ್ರಯಾನ ನಿಂತಿತು, 1764ರಲ್ಲಿ ಪಾದ್ರಿಯಾದ. ಗುಲಾಮರ ವ್ಯಾಪಾರದ ಬಗ್ಗೆ ತಾನು ಕಂಡದ್ದನ್ನೆಲ್ಲ ಬರೆದು ಅಚ್ಚು ಹಾಕಿಸಿದ್ದು 1788ರಲ್ಲಿ. ತನ್ನ ಈ ಬಹಿರಂಗ ಒಪ್ಪಿಗೆ ಆದ ಹಾನಿಯನ್ನು ತಡೆಯಲಾಗದಷ್ಟು ತಡವಾಗಿ ಬಂದಿದೆ ಎಂದು ಅದರಲ್ಲಿ ತಾನೇ ಹೇಳಿಕೊಂಡ. ಬಿರುಗಾಳಿಯಿಂದ ಅಲ್ಲಿಗೆ 40 ವರ್ಷ. 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದಾಗ ಕಣ್ಣು ಮಂಜಾಗಿದ್ದ ಮುದುಕ ಇನ್ನೂ ಬದುಕಿದ್ದ, ಅದೇ ವರ್ಷದ ಕೊನೆಗೆ ತೀರಿಕೊಂಡ.

ಆ 40 ವರ್ಷಗಳ ಕಾದಂಬರಿ ಓದಬೇಕೆಂದು ನನಗೆ ಆಸೆ. ಮದುವೆಯ ನಂತರದ ಪುಟಗಳು. ಒಬ್ಬ ಒಳ್ಳೆಯ ಗಂಡ, ಭಕ್ತ, ತನ್ನ ಕಾಲಕೆಳಗಿನ ಡೆಕ್ಕಿನಿಂದ ಬರುತ್ತಿದ್ದ ದನಿಯನ್ನು ಅಷ್ಟು ವರ್ಷ ಕೇಳಿಸಿಕೊಳ್ಳದೆ ಹೇಗೆ ಇದ್ದ, ಯಾವ ದಿನ ಕೇಳಿಸಿತು? ಅದನ್ನು ಬರೆಯಬಲ್ಲವರು ಈ ಬಗೆಯ ಕಾದಂಬರಿಯನ್ನು ಬಹಳ ಎತ್ತರಕ್ಕೆ ಒಯ್ಯುತ್ತಾರೆ.

ಚಿಕ್ಕಮ್ಮನ ಮಡಚಿದ ಹಾಳೆಗೆ ಬರುತ್ತೇನೆ. ಚಿಕ್ಕಪ್ಪ ವಿಪರೀತ ಕುಡಿಯುತ್ತಿದ್ದರು. ಚಿಕ್ಕಮ್ಮ ಏಳು ವರ್ಷ ತಾಳಿಕೊಂಡು, ಒಂದು ದಿನ ಮಗನನ್ನು ಕರೆದುಕೊಂಡು ತವರಿಗೆ ಬಂದರು, ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಕುವೈತಿಗೆ ಹೋದರು. ಊರವರು ಅವರನ್ನೇ ಬೈದರು. ಚಿಕ್ಕಪ್ಪ ಕುಡಿತ ಬಿಟ್ಟದ್ದು ಅದಾಗಿ ಮೂರು ವರ್ಷಕ್ಕೆ, ಹೆಂಡತಿ ಮತ್ತೆ ಬರುವ ಮಾತೇ ಇಲ್ಲದಿದ್ದಾಗ. ಮೊದಲು ಮಾಡಿದ ಕೆಲಸ, ಬೀದಿಯ ಅಂಗಡಿಗಳಲ್ಲಿ ಮಾಡಿದ್ದ ಸಾಲವನ್ನು ಒಂದೊಂದಾಗಿ ತೀರಿಸಿದ್ದು. ಚಿಕ್ಕಮ್ಮ ಆಮೇಲೂ ಎರಡು ವರ್ಷ ಕಾದು ನೋಡಿಯೇ ಮನೆಗೆ ಹೋದರು.

ಹೋದ ವರ್ಷ ಅವರ ಮನೆಯಲ್ಲಿ ಆ ಪುಸ್ತಕ ತೆಗೆದು, "ಈ ಗೀಟು ಯಾವಾಗ ಹಾಕಿದ್ದು ಚಿಕ್ಕಮ್ಮಾ?" ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಹದಸ್ಸಾ ಒಲ್ಲೆ ಅನ್ನುವ ಸಾಲನ್ನು ಓದಿದರು. ಹಿತ್ತಲಲ್ಲಿ ಚಿಕ್ಕಪ್ಪ ತೆಂಗಿನ ಗರಿ ಎಳೆದು ರಾಶಿ ಹಾಕುತ್ತಿದ್ದರು. "ಅವರಿನ್ನೂ ಕುಡೀತಿದ್ದಾಗ," ಅಂದರು ಚಿಕ್ಕಮ್ಮ. ಹಾಳೆಯ ಮೂಲೆಯನ್ನು ಮೊದಲಿನಂತೆಯೇ ಮಡಚಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ನಮಸ್ಕಾರ.