ಮಲಾಡಿನಲ್ಲಿ ಬೀಳಗಿಯ ದನಿ

ಇದು ಮುಂಬಯಿಯ ಮಲಾಡ್ ಪಶ್ಚಿಮ. ಈ ಜಾಗಕ್ಕೆ ಇವತ್ತಿಗೂ ಬಾಂಬೆ ಟಾಕೀಸ್ ಕಾಂಪೌಂಡ್ ಅಂತಲೇ ಹೆಸರು. ಈಗಿರೋದು ಸಣ್ಣ ಸಣ್ಣ ಕಾರ್ಖಾನೆಗಳು, ಸ್ಟುಡಿಯೋದ ಪಾಳು ಗೋಡೆಗಳು. 1934ರಲ್ಲಿ ನಿರ್ಮಾಪಕ ಹಿಮಾಂಶು ರಾಯ್, ಅವರ ಹೆಂಡತಿ ನಟಿ ದೇವಿಕಾ ರಾಣಿ ಕಟ್ಟಿದ ಸಿನಿಮಾ ಸ್ಟುಡಿಯೋ ಬಾಂಬೆ ಟಾಕೀಸ್ ಇದೇ. ಅದರ ಸಿನಿಮಾಗಳ ಬಗ್ಗೆ ಬೇಕಾದಷ್ಟು ಜನ ಹೇಳಿದ್ದಾರೆ. ನನಗೆ ಹೇಳಬೇಕಿರೋದು ಹಾಡಿನ ಕಥೆ, ಅದರಲ್ಲೂ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯವರ ಕಥೆ.

ಮೊದಲ ಚಿತ್ರ 1935ರ 'ಜವಾನಿ ಕಿ ಹವಾ'. ಸಂಗೀತ ಸರಸ್ವತಿ ದೇವಿಯವರದು. ನಿಜವಾದ ಹೆಸರು ಖುರ್ಷಿದ್. ಪಾರ್ಸಿ ಹೆಣ್ಣುಮಕ್ಕಳು ಸಿನಿಮಾ ಸೇರೋದಾ ಅಂತ ಅವರ ಸಮುದಾಯ ಸಿಟ್ಟಿಗೆದ್ದಿದ್ದಕ್ಕೆ ಹೆಸರೇ ಬದಲಾಯ್ತು. ನಟಿಯಾಗಿದ್ದ ತಂಗಿಗೆ ಗಂಟಲು ಕಟ್ಟಿದಾಗ ಅಕ್ಕ ಮರೆಯಲ್ಲಿ ನಿಂತು ಹಾಡಿದರಂತೆ, ತಂಗಿ ಬರೀ ತುಟಿ ಆಡಿಸಿದರಂತೆ.

ಆಗಿನ ರೆಕಾರ್ಡಿಂಗ್ ಹೇಗಿತ್ತು ಗೊತ್ತಾ? ಗಾಯಕರು, ತಬಲಾ, ಪಿಟೀಲು, ಕೊಳಲು ಎಲ್ಲರೂ ಒಟ್ಟಿಗೇ. ಯಾರ ದನಿ ಎಷ್ಟು ಕೇಳಬೇಕೋ, ಅದಕ್ಕೆ ತಕ್ಕಂತೆ ಮೈಕಿಗೆ ಹತ್ತಿರ ಅಥವಾ ದೂರ ಕೂರಿಸಬೇಕು. ಸದ್ದು ಫಿಲ್ಮಿನ ಮೇಲೆ ಬೆಳಕಿನ ಗೆರೆಯಾಗಿ ಅಚ್ಚಾಗ್ತಿತ್ತು. ಒಬ್ಬರು ತಾಳ ತಪ್ಪಿದರೂ ಎಲ್ಲರೂ ಮತ್ತೆ ಪಲ್ಲವಿಯಿಂದ ಶುರು ಮಾಡಬೇಕು.

ಇಂಥ ಕಾಲದಲ್ಲಿ ಹಾಡಿ ಗೆದ್ದವರು ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. 1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂತು. ಸಂಗೀತ ಅನಿಲ್ ಬಿಸ್ವಾಸ್, ಸಾಹಿತ್ಯ ಪ್ರದೀಪ್. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. 'ದೂರ್ ಹಟೋ', ಅಂದ್ರೆ 'ದೂರ ಸರೀರಿ', ಅನ್ನೋ ಹಾಡಿನಲ್ಲಿ ಜರ್ಮನ್, ಜಪಾನಿ ಅಂತ ಹೆಸರಿಗೆ ಬರುತ್ತೆ, ಏಟು ಬಿದ್ದಿದ್ದು ಬ್ರಿಟಿಷರಿಗೆ. ಜನರಿಗೆ ತಕ್ಷಣ ಅರ್ಥವಾಯ್ತು. ಒನ್ಸ್ ಮೋರ್ ಕೂಗಿ ರೀಲ್ ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿಸ್ತಿದ್ದರಂತೆ. ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ದೇಶವೇ ಗುನುಗಿದ ಆ ಹಾಡಿನಲ್ಲಿ ಖಾನ್ ಮಸ್ತಾನರ ಜೊತೆ ಕೇಳೋದು ಕನ್ನಡ ಮನೆಮಾತಿನ ಹೆಣ್ಣುಮಗಳ ದನಿ. ನಮ್ಮವರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ದೇವಿಕಾ ರಾಣಿ 1945ರಲ್ಲಿ ಸಿನಿಮಾ ಬಿಟ್ಟರು, ಮುಂದೆ ಎರಡನೇ ಗಂಡ, ರಷ್ಯದ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಅವರ ಜೊತೆ ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದರು. ಸ್ಟುಡಿಯೋ 1954ರಲ್ಲಿ ಮುಚ್ಚಿತು.

'ಕಿಸ್ಮತ್' ಹಾಡುಗಳು ಈಗಲೂ ಆನ್‌ಲೈನಿನಲ್ಲಿ ಸಿಗುತ್ತವೆ. 'ಧೀರೇ ಧೀರೇ ಆ ರೇ ಬಾದಲ್' ಕೇಳಿ. ಅಮೀರ್‌ಬಾಯಿ ಆ 'ಧೀರೇ'ಯನ್ನ ಎಷ್ಟು ಮೆತ್ತಗೆ ಎತ್ಕೊಳ್ತಾರೆ ಅಂತ ಗಮನಿಸಿ, ಕಾಮೆಂಟಿನಲ್ಲಿ ಹೇಳಿ.