ಹೊಸಬರ ಪಕ್ಕದ ಸೀಟಿನಲ್ಲಿ ಯಾರು ಕೂರಬೇಕು?

ನಮಸ್ಕಾರ. ಕಾರು ರ‍್ಯಾಲಿಗೆ ಇಳಿಯಬೇಕೆಂಬ ಆಸೆ ಹೊತ್ತ ಹುಡುಗ ಹುಡುಗಿಯರು ಮಾತಿಗೆ ಸಿಕ್ಕಾಗ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕಾರಿನ ಬಗ್ಗೆಯೇ ಇರುತ್ತವೆ. ಹಳೆಯ ಎಸ್ಟೀಮ್ ಹುಡುಕಬೇಕೇ, ಪೋಲೋ ಕೊಳ್ಳಬೇಕೇ, ಜಿಪ್ಸಿ ಸಿಕ್ಕರೆ ಒಳ್ಳೆಯದೇ, ಸಸ್ಪೆನ್ಷನ್‌ಗೆ ಎಷ್ಟು ದುಡ್ಡು ಬೇಕು, ಟೈರು ಯಾವುದು ಹಾಕಿಸಬೇಕು ಎಂದು ವಿಚಾರಿಸುತ್ತಾರೆ. ತನಗೆ ಕಲಿಸುವವರು ಯಾರು ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಅದನ್ನು ಅವರ ತಪ್ಪೆಂದು ನಾನು ಹೇಳಲಾರೆ. ಈ ಕ್ರೀಡೆಯಲ್ಲಿ ವರ್ಷಗಟ್ಟಲೆ ಕಳೆದಿರುವ ನಾವು, ಕಲಿಸುವವರೊಬ್ಬರು ಇರುತ್ತಾರೆಂಬ ನಂಬಿಕೆ ಹುಟ್ಟುವಂಥದ್ದೇನನ್ನೂ ಅವರ ಕಣ್ಣಿಗೆ ಬೀಳುವಂತೆ ಇಟ್ಟಿಲ್ಲ.

ರ‍್ಯಾಲಿಗೆ ಮೊದಲ ಬಾರಿ ಬರುವ ಪ್ರತಿಯೊಬ್ಬರಿಗೂ, ಮೊದಲ ವರ್ಷವಾದರೂ, ಹೆಸರಿಟ್ಟು ಒಪ್ಪಿಸಿದ ಒಬ್ಬ ಹಿರಿಯ ಸ್ಪರ್ಧಿ ಜೊತೆಗಿರಬೇಕು, ಮತ್ತು ಇದನ್ನು ಕ್ಲಬ್ಬುಗಳು ಒಂದು ಷರತ್ತಾಗಿಯೇ ಮಾಡಬೇಕು ಎಂಬುದು ನನ್ನ ನಿಲುವು. ‘ಏನಾದರೂ ಬೇಕಿದ್ದರೆ ಕೇಳಪ್ಪ’ ಎಂದು ಹೇಳಿ ಹೋಗುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರ ಮಾತಿನಲ್ಲಿ ಪ್ರೀತಿಯೂ ಇರುತ್ತದೆ. ಆದರೆ ಹೊಸಬನಿಗೆ ಏನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ.

ಟ್ರ್ಯಾಕ್ ರೇಸಿಂಗ್‌ನ ಸ್ಥಿತಿ ಇದಕ್ಕಿಂತ ವಾಸಿ. ಬೆಂಗಳೂರಿನ ಮಕ್ಕಳು ಗೋ-ಕಾರ್ಟ್‌ನಿಂದ ಶುರುಮಾಡಿ, ತರಬೇತಿ ಶಾಲೆಗಳನ್ನು ದಾಟಿ, ಚೆನ್ನೈ ಹೆದ್ದಾರಿಯ ಇರುಂಗಾಟುಕೋಟೆಯಲ್ಲಿ 1990ರಿಂದ ಇರುವ ಟ್ರ್ಯಾಕ್‌ಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುತ್ತಾರೆ. ಅಲ್ಲಿ ನೊವಿಸ್ ಕಪ್‌ನಂಥ, ಹೊಸಬರಿಗೆಂದೇ ಮೀಸಲಾದ ವರ್ಗಗಳಿವೆ. ಒಂದೇ ತಿರುವನ್ನು ದಿನಕ್ಕೆ ಹತ್ತಾರು ಸಲ ಹಾಯುವುದರಿಂದ ತಪ್ಪನ್ನು ಮುಂದಿನ ಸುತ್ತಿನಲ್ಲೇ ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ. ರ‍್ಯಾಲಿಯಲ್ಲಿ ಆ ಅವಕಾಶ ಇಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಿ ಅಥವಾ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯ ಹಾದಿಯಲ್ಲಿ ಒಂದು ಸ್ಟೇಜನ್ನು, ಅಂದರೆ ಸಮಯ ಲೆಕ್ಕ ಹಾಕುವ ಮುಚ್ಚಿದ ದಾರಿಯ ತುಂಡನ್ನು, ಹೊಸಬ ರೆಕ್ಕಿಯಲ್ಲಿ, ಅಂದರೆ ಸ್ಪರ್ಧೆಗೆ ಮುಂಚೆ ದಾರಿ ನೋಡಿಕೊಳ್ಳುವ ಓಟದಲ್ಲಿ, ಮಾಮೂಲಿ ಕಾರಿನಲ್ಲಿ, ನಿಗದಿತ ವೇಗದ ಮಿತಿಯೊಳಗೆ, ಸಾಮಾನ್ಯವಾಗಿ ಎರಡು ಬಾರಿ ನೋಡಿರುತ್ತಾನೆ. ಆಮೇಲೆ ಅದೇ ದಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡು, ಪಕ್ಕದವರು ಓದುವ ಪೇಸ್ ನೋಟ್ಸನ್ನು ನಂಬಿ, ಆಕ್ಸಿಲರೇಟರ್ ಒತ್ತಬೇಕು.

ಪೇಸ್ ನೋಟ್ಸ್ ಎಂದರೆ ದಾರಿಯ ಪ್ರತಿ ತಿರುವಿಗೂ ಕೊಡುವ ಒಂದು ಅಂಕಿ, ನಡುವಿನ ದೂರ ಮತ್ತು ಒಂದಿಷ್ಟು ಎಚ್ಚರಿಕೆಯ ಮಾತು. ಹೆಚ್ಚಿನವರು ಬಳಸುವ ಕ್ರಮದಲ್ಲಿ ಒಂದು ಎಂದರೆ ಅತ್ಯಂತ ಕಡಿದಾದ ತಿರುವು, ಆರು ಎಂದರೆ ಹೆಚ್ಚುಕಡಿಮೆ ನೇರ ದಾರಿ. ತೋಟದ ದಾರಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಎರಡೂ ಬದಿಯಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳು, ಎಡಕ್ಕೆ ನೀರು ಹರಿದುಹೋಗಲು ತೋಡಿದ ಚರಂಡಿ, ಮುಂದೆ ಬಲಕ್ಕೆ ಹೊರಳುವ ಒಂದು ತಿರುವು, ಆ ತಿರುವಿನ ಅಂಚಿನಲ್ಲಿ ಎಲೆ ಮುಚ್ಚಿಕೊಂಡ ಮೋರಿಯ ಕಲ್ಲು. ರೆಕ್ಕಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಆ ತಿರುವು ಸಲೀಸಾಗಿ ಕಾಣುತ್ತದೆ, ಹೊಸಬ ‘ರೈಟ್ ಫೈವ್’ ಎಂದು ಹೇಳಿ ಬರೆಸುತ್ತಾನೆ. ಪಕ್ಕದಲ್ಲಿ ಹಿರಿಯರೊಬ್ಬರು ಇದ್ದರೆ ಕಾರು ನಿಲ್ಲಿಸಿ, ಇಳಿದು, ಅವನನ್ನು ತಿರುವಿನ ಕೊನೆಯವರೆಗೆ ನಡೆಸಿಕೊಂಡು ಹೋಗಿ, ದಾರಿ ಅರ್ಧಕ್ಕೆ ಬಂದ ಮೇಲೆ ಮತ್ತೂ ಬಿಗಿಯಾಗುವುದನ್ನು ತೋರಿಸುತ್ತಾರೆ. ಎಲೆಯನ್ನು ಕಾಲಿನಿಂದ ಸರಿಸಿ ಕಲ್ಲನ್ನೂ ತೋರಿಸುತ್ತಾರೆ. ಆಗ ಅದು ‘ರೈಟ್ ಫೋರ್ ಟೈಟನ್ಸ್, ಡೋಂಟ್ ಕಟ್’ ಆಗುತ್ತದೆ, ಅಂದರೆ ಬಲಕ್ಕೆ ನಾಲ್ಕು, ಮುಂದೆ ಬಿಗಿಯಾಗುತ್ತದೆ, ಅಂಚನ್ನು ಕತ್ತರಿಸಿ ಹೋಗಬೇಡ. ಒಂದು ಅಂಕಿಯ ಇಳಿಕೆಯಲ್ಲಿ, ಎರಡು ಮಾತಿನ ಸೇರ್ಪಡೆಯಲ್ಲಿ ಒಂದು ಕಾರು, ಕೆಲವೊಮ್ಮೆ ಎರಡು ಜೀವ ಉಳಿದಿರುತ್ತವೆ. ಇದನ್ನು ಯಾವ ವಿಡಿಯೋ ನೋಡಿಯೂ ಕಲಿಯಲಾಗುವುದಿಲ್ಲ, ಏಕೆಂದರೆ ಕಲಿಯಬೇಕಾದದ್ದು ಆ ತಿರುವನ್ನಲ್ಲ, ನಿಧಾನವಾಗಿ ಹೋಗುವಾಗ ಕಣ್ಣು ತನಗೆ ಹೇಗೆ ಮೋಸ ಮಾಡುತ್ತದೆ ಎಂಬುದನ್ನು.

ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುವುದರಿಂದ ಪೇಸ್ ನೋಟ್ಸ್ ಓದುವ ಕೋ-ಡ್ರೈವರ್‌ನದು ಎಡಗಡೆಯ ಸೀಟು. ಹೊಸಬರನ್ನು ತಿದ್ದಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅನಿಸಿಕೆ. ಕಾಸರಗೋಡಿನ ಮೂಸಾ ಶರೀಫ್ ಅವರಂಥ ಕೋ-ಡ್ರೈವರ್‌ಗಳು ಬೇರೆ ಬೇರೆ ಚಾಲಕರ ಪಕ್ಕದಲ್ಲಿ ವರ್ಷಾನುಗಟ್ಟಲೆ ಕುಳಿತು ಗಳಿಸಿರುವ ತಿಳಿವಳಿಕೆ ಗೆಲುವಿನ ಪಟ್ಟಿಯಲ್ಲಿ ಚಾಲಕನ ಹೆಸರಿನ ಹಿಂದೆ ಎರಡನೆಯ ಹೆಸರಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಹೊಸ ಚಾಲಕ ಮತ್ತು ಹೊಸ ಕೋ-ಡ್ರೈವರ್ ಇಬ್ಬರೂ ಒಂದೇ ಕಾರಿನಲ್ಲಿ ಮೊದಲ ರ‍್ಯಾಲಿಗೆ ಹೊರಡುವುದನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಕಾಲೇಜಿನ ಗೆಳೆಯರಿಬ್ಬರು ಹಾಗೆ ಬರುತ್ತಾರೆ, ಉತ್ಸಾಹದಿಂದ ಬರುತ್ತಾರೆ, ಗೊತ್ತುಮಾಡಿದ ನಿಮಿಷಕ್ಕೇ ಬಂದು ಸಮಯ ಬರೆಸಬೇಕಾದ ಟೈಮ್ ಕಂಟ್ರೋಲ್‌ಗೆ ಬೇಗ ತಲುಪಿದರೆ ಒಳ್ಳೆಯದೆಂದುಕೊಂಡು ಒಳಗೆ ನುಗ್ಗಿಬಿಡುತ್ತಾರೆ. ಮೋಟಾರು ಕ್ರೀಡೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ನಿಯಮಗಳ ಪ್ರಕಾರ ತಡವಾದ ಪ್ರತಿ ನಿಮಿಷಕ್ಕೆ 10 ಸೆಕೆಂಡ್ ದಂಡವಾದರೆ, ಬೇಗ ಬಂದ ಪ್ರತಿ ನಿಮಿಷಕ್ಕೆ ಇಡೀ ಒಂದು ನಿಮಿಷ ದಂಡ. ಸ್ಟೇಜ್‌ನಲ್ಲಿ ಜೀವ ಹಿಡಿದುಕೊಂಡು ಗಳಿಸಿದ ಸಮಯವನ್ನು ಹೀಗೆ ಮೇಜಿನ ಮುಂದೆ ಕಳೆದುಕೊಂಡವರು ಮುಂದಿನ ವರ್ಷ ಬಾರದೆ ಹೋದರೆ ಆಶ್ಚರ್ಯವೇನಿದೆ?

ಸ್ಟಿಯರಿಂಗ್ ಹಿಡಿಯುವ ಮುನ್ನ ಹೊಸಬರು ಒಂದು ರ‍್ಯಾಲಿಯಲ್ಲಾದರೂ ಮಾರ್ಷಲ್ ಆಗಿ, ಅಂದರೆ ದಾರಿ ಕಾಯುವವರಾಗಿ, ನಿಲ್ಲಬೇಕು. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ, ರಂಗಸ್ಥಳದ ಅಳತೆಯನ್ನೂ ಭಾಗವತರ ಗತಿಯನ್ನೂ ಕಾಲಿಗೆ ಇಳಿಸಿಕೊಂಡ ಮೇಲೆಯೇ ದೊಡ್ಡ ವೇಷಕ್ಕೆ ಕೈ ಹಾಕುವುದು, ಅರ್ಜುನನ ಕಿರೀಟ ಮೊದಲ ರಾತ್ರಿಯೇ ಯಾರ ತಲೆಗೂ ಬರುವುದಿಲ್ಲ. ಸ್ಟೇಜ್‌ನ ನಡುವಿನ ಒಂದು ಅಡ್ಡದಾರಿಯಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಟೇಪ್ ಕಟ್ಟಿ ನಿಂತವನಿಗೆ, ಊರಿನವರು ದನ ಹೊಡೆದುಕೊಂಡು ಬಂದಾಗ ಏನು ಹೇಳಿ ತಡೆಯಬೇಕು, ಬೈಕಿನಲ್ಲಿ ಆತುರದಿಂದ ಬಂದವರ ಜೊತೆ ಎಷ್ಟು ತಾಳ್ಮೆ ಬೇಕು, ಮೊದಲ ಕಾರು ಹೋದ ಮೇಲೆ ಮಣ್ಣು ಹೇಗೆ ಬದಲಾಗುತ್ತದೆ, ಚೆನ್ನಾಗಿ ಓಡಿಸುವವರು ಎಲ್ಲಿ ಬ್ರೇಕ್ ಹಾಕುತ್ತಾರೆ ಎಂಬುದೆಲ್ಲ ಅರ್ಥವಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಸ್ಟೇಜ್ ನಡೆಯುತ್ತಿದ್ದ ದಾರಿಗೆ ಬೈಕೊಂದು ಬಂದು, ರ‍್ಯಾಲಿ ಕಾರು ಬಡಿದು, ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಆ ಮೂವರಿಗೆ ನಮ್ಮ ಕ್ರೀಡೆಯೊಂದಿಗೆ ಯಾವ ಸಂಬಂಧವೂ ಇರಲಿಲ್ಲ. ಮುಚ್ಚಿದ ದಾರಿ ಎಂಬ ಮಾತು ಒಂದು ಟೇಪಿನ ಮೇಲೆ, ಒಬ್ಬ ಮನುಷ್ಯನ ಎಚ್ಚರದ ಮೇಲೆ ನಿಂತಿದೆ ಎಂಬುದನ್ನು ಚಾಲಕನಾಗುವವನು ಮೊದಲೇ ಮನಗಾಣಬೇಕು.

ಅಪಘಾತವಾದಾಗ ನಡೆದುಕೊಳ್ಳಬೇಕಾದ ರೀತಿಯನ್ನೂ ಹಿರಿಯರೇ ಕಲಿಸಬೇಕು. ಸ್ಪರ್ಧಿಗಳಿಗೆ ದಾರಿ ತಿಳಿಸಲು ಕೊಡುವ ರೋಡ್ ಬುಕ್‌ನಲ್ಲಿ ನೆರವು ಬೇಕೆಂದು ತೋರಿಸಲು ಕೆಂಪು ಅಕ್ಷರದ ಎಸ್‌ಒಎಸ್ ಮತ್ತು ಬೇಡವೆಂದು ತೋರಿಸಲು ಹಸಿರು ಅಕ್ಷರದ ಓಕೆ ಇರುತ್ತವೆಂದು ಎಲ್ಲರೂ ಓದಿರುತ್ತಾರೆ. ಆದರೆ ಮಗುಚಿಬಿದ್ದ ಕಾರಿನಿಂದ ಹೊರಬಂದ ಹೊಸಬ ಮೊದಲು ನೋಡುವುದು ತನ್ನ ಬಂಪರನ್ನು. ಅವನು ಮಾಡಬೇಕಾದದ್ದು, ಪಕ್ಕದವರಿಗೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡು, ಕಾರಿಗಿಂತ ಕನಿಷ್ಠ 50 ಮೀಟರ್ ಹಿಂದೆ ಕೆಂಪು ತ್ರಿಕೋನ ಇಟ್ಟು, ಹಿಂದೆ ಬರುವ ಕಾರುಗಳಿಗೆ ಓಕೆ ತೋರಿಸುವುದು. ಹಾಗೆಯೇ ಬೇರೆಯವರ ಕೈಯಲ್ಲಿ ಕೆಂಪು ಎಸ್‌ಒಎಸ್ ಕಂಡರೆ, ಎಷ್ಟೇ ಒಳ್ಳೆಯ ಸಮಯ ಬರುತ್ತಿರಲಿ, ನಿಲ್ಲಲೇಬೇಕು. ಸರ್ವಿಸ್ ಜಾಗದಲ್ಲಿ ಕಾರನ್ನು ನಿಲ್ಲಿಸಿಕೊಂಡು, ಬೆಲ್ಟ್ ಬಿಚ್ಚುವುದರಿಂದ ಹಿಡಿದು ತ್ರಿಕೋನ ಇಡುವವರೆಗೆ ಇಬ್ಬರಿಂದಲೂ ನಾಲ್ಕಾರು ಸಲ ಮಾಡಿಸಿದರೆ ಅದು ಮೈಗೆ ಹತ್ತುತ್ತದೆ. ಅದಕ್ಕೆ ಬೇಕಾಗುವುದು ಅರ್ಧ ಗಂಟೆ ಮಾತ್ರ.

ಕಲಿಸುವ ಕ್ರಮದ ಬಗ್ಗೆಯೂ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ವೇಗ ತೋರಿಸುವ ಹಿರಿಯನಿಂದ ಅವನು ಕಲಿಯುವುದು ಭಯವನ್ನು ಅಥವಾ ಹುಂಬತನವನ್ನು ಮಾತ್ರ. ಮೊದಲ ಪಾಠ ನಿಂತ ಕಾರಿನಲ್ಲಿಯೇ ಆಗಬೇಕು: ಬೆನ್ನು ಸೀಟಿಗೆ ಪೂರ್ತಿ ಒರಗಿರುವಾಗ ಮಣಿಕಟ್ಟು ಸ್ಟಿಯರಿಂಗ್‌ನ ಮೇಲ್ತುದಿಗೆ ಎಟುಕಬೇಕು, ಸೊಂಟದ ಬೆಲ್ಟನ್ನು ಮೊದಲು ಕೆಳಕ್ಕೆ, ಮೂಳೆಯ ಮೇಲೆ ಕೂರುವಂತೆ ಬಿಗಿದು, ಆಮೇಲೆ ಹೆಗಲಿನದನ್ನು ಎಳೆಯಬೇಕು. ಹೊಟ್ಟೆಯ ಮೇಲೆ ಬೆಲ್ಟ್ ಬಿಗಿದುಕೊಂಡು ಹೊರಡುವವರನ್ನು ನಾನು ಇಂದಿಗೂ ನೋಡುತ್ತೇನೆ, ಕಾರು ಮಗುಚಿದರೆ ಒಳಗಿನವರನ್ನು ಕಾಯುವ ರೋಲ್ ಕೇಜಿಗೆ ಲಕ್ಷಗಟ್ಟಲೆ ಸುರಿದವರೂ ಅವರಲ್ಲಿರುತ್ತಾರೆ. ದಾರಿಗಿಳಿದ ಮೇಲೆ ಒಂದು ಓಟಕ್ಕೆ ಒಂದೇ ಮಾತು ಸಾಕು. ಈ ಸಲ ಬ್ರೇಕ್ ಕೆಲಸವನ್ನೆಲ್ಲ ನೇರ ದಾರಿಯಲ್ಲೇ ಮುಗಿಸು ಎಂದು ಹೇಳಿದರೆ ಅದನ್ನಷ್ಟೇ ನೋಡಬೇಕು, ಗೇರು, ಲೈನು, ಕಣ್ಣು ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಡಬಾರದು. ತಿರುವಿನ ಮಧ್ಯದಲ್ಲಿ ಕೂಗಬಾರದು. ಹೇಳುವುದನ್ನು ತಿರುವಿಗೆ ಮೊದಲು ಹೇಳಬೇಕು, ಇಲ್ಲವೇ ಕಾರು ನಿಂತ ಮೇಲೆ.

ಇನ್ನು ದುಡ್ಡಿನ ವಿಷಯ. ನಮ್ಮ ಕಡೆ ಹೊಸಬನಿಗೆ ಸಲಹೆ ಕೊಡುವವರು ಬಹುಮಟ್ಟಿಗೆ ಕಾರು ಸಿದ್ಧಪಡಿಸುವವರೇ, ಇಲ್ಲವೇ ಬಾಡಿಗೆಗೆ ಕೊಡುವವರೇ ಆಗಿರುತ್ತಾರೆ. ಅವರಲ್ಲಿ ಪ್ರಾಮಾಣಿಕರು ಇಲ್ಲವೆಂದಲ್ಲ, ಆದರೆ ‘ಈ ವರ್ಷ ಎಂಜಿನ್ ಮುಟ್ಟಬೇಡ, ಆ ದುಡ್ಡನ್ನು ಟೈರಿಗೂ ಪೆಟ್ರೋಲಿಗೂ ಇಟ್ಟುಕೊಂಡು ಇನ್ನೆರಡು ರ‍್ಯಾಲಿ ಓಡಿಸು’ ಎಂಬ ಮಾತನ್ನು ಎಂಜಿನ್ ಕೆಲಸದಿಂದಲೇ ಸಂಸಾರ ಸಾಗಿಸುವವರ ಬಾಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಸಾಲ ಮಾಡಿ ಕಾರು ಕಟ್ಟಿಸಿ, ಒಂದು ರ‍್ಯಾಲಿಯಲ್ಲಿ ಅದನ್ನು ಜಖಂ ಮಾಡಿಕೊಂಡು ಆಟವನ್ನೇ ಬಿಟ್ಟ ಹುಡುಗರ ಬಗ್ಗೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಹೊಸಬರ ಜೊತೆಗಿರುವ ಹಿರಿಯನಿಗೆ ಅವರ ಜೇಬಿನಿಂದ ಏನೂ ಬರಬಾರದು.

ಹಾಗೆ ಕೈಹಿಡಿದವರು ನಮ್ಮ ನೆರೆಯಲ್ಲೇ ಇದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲಿ ಮಾರುತಿ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ಎಂಬ ಅಗ್ಗದ ರೇಸಿಂಗ್ ಕಾರುಗಳನ್ನು ಕಟ್ಟಿದರು, ವಿದೇಶದಿಂದ ಕಾರು ತರಿಸುವ ಶಕ್ತಿಯಿಲ್ಲದವರಿಗೂ ಸ್ಪರ್ಧಿಸುವ ದಾರಿ ಆಯಿತು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಫಾರ್ಮುಲಾ ಮಾರುತಿಯಿಂದಲೇ ಹೊರಟವರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, 2003ರಲ್ಲಿ ಸಿದ್ಧವಾದ ಕರಿ ಸ್ಪೀಡ್‌ವೇಗೆ ಅವರದೇ ಹೆಸರು.

ಹೊಸಬನಿಗೆ ಕಲಿಸಿದರೆ ನಾಳೆ ಅವನೇ ನಮ್ಮನ್ನು ಸೋಲಿಸುತ್ತಾನಲ್ಲ ಎಂಬ ಅಳುಕು ಕೆಲವರಿಗೆ ಇದೆ. ಸೋಲಿಸಲಿ. ಸ್ಪರ್ಧಿಗಳ ಸಂಖ್ಯೆ ಕಡಿಮೆಯಾಗಿ ಒಂದು ವರ್ಗದಲ್ಲಿ ಮೂರೇ ಕಾರು ಹೊರಡುವ ರ‍್ಯಾಲಿಯಲ್ಲಿ ಗೆದ್ದ ಕಪ್ಪಿಗೆ ಬೆಲೆ ಎಷ್ಟು? ರ‍್ಯಾಲಿಯ ವಾರದಲ್ಲಿ ತಮಗೇ ಪುರಸೊತ್ತಿಲ್ಲ ಎನ್ನುವವರ ಮಾತಿನಲ್ಲಿ ಮಾತ್ರ ಹುರುಳಿದೆ. ಅದಕ್ಕೆ ಉತ್ತರ, ಸ್ಪರ್ಧೆಯಿಂದ ಹಿಂದೆ ಸರಿದವರನ್ನು ಮತ್ತೆ ಕರೆತರುವುದು. ಮಂಗಳೂರು, ಕೊಡಗು, ಚಿಕ್ಕಮಗಳೂರು, ಬೆಂಗಳೂರುಗಳಲ್ಲಿ ಹೆಲ್ಮೆಟ್ಟನ್ನು ಅಟ್ಟದ ಮೇಲಿಟ್ಟು ತೋಟ, ವ್ಯಾಪಾರ ನೋಡಿಕೊಂಡಿರುವ ಎಷ್ಟೋ ಮಂದಿ ಹಳೆಯ ಚಾಲಕರು, ಕೋ-ಡ್ರೈವರ್‌ಗಳು ಇದ್ದಾರೆ, ಕರೆದರೆ ಬರುತ್ತಾರೆ.

ಬರುವವರಿಗೆ ನನ್ನದೊಂದು ಬೇಡಿಕೆಯೂ ಇದೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲೋ ವಿಮಾನ ನಿಲ್ದಾಣದ ರಸ್ತೆಯಲ್ಲೋ ಪಂದ್ಯ ಕಟ್ಟಿ ಓಡಿಸುವವನು ಎಷ್ಟೇ ಪ್ರತಿಭಾವಂತನಾದರೂ, ಅದನ್ನು ಬಿಡುವವರೆಗೆ ಅವನಿಗೆ ಏನನ್ನೂ ಕಲಿಸಬೇಡಿ.

ಕ್ಲಬ್ಬುಗಳು ಮಾಡಬೇಕಾದದ್ದು ದೊಡ್ಡದೇನಲ್ಲ. ಎಂಟ್ರಿ ಫಾರಂನಲ್ಲಿ ಚಾಲಕನ ಹೆಸರು, ಕೋ-ಡ್ರೈವರ್ ಹೆಸರು, ಲೈಸೆನ್ಸ್ ಸಂಖ್ಯೆಗಳ ಕೆಳಗೆ, ಹೊಸಬರಿಗೆಂದು ಇನ್ನೊಂದು ಸಾಲು ಸೇರಿಸಲಿ. ಇವರು ಒಂದು ರ‍್ಯಾಲಿಯಲ್ಲಿ ಮಾರ್ಷಲ್ ಆಗಿ ನಿಂತಿದ್ದಾರೆ, ಪೇಸ್ ನೋಟ್ಸ್ ಬರೆಯುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ, ತ್ರಿಕೋನ ಮತ್ತು ಎಸ್‌ಒಎಸ್ ಕ್ರಮವನ್ನು ಇಬ್ಬರಿಂದಲೂ ಮಾಡಿಸಿದ್ದೇನೆ ಎಂದು ಒಬ್ಬ ಹಿರಿಯ ಅಲ್ಲಿ ಸಹಿ ಹಾಕಲಿ. ಆ ಸಹಿ ಇಲ್ಲದ ಕಾರಿಗೆ ಸ್ಪರ್ಧೆಗೆ ಮುನ್ನ ಕಾರನ್ನು ಪರೀಕ್ಷಿಸುವ ಸ್ಕ್ರೂಟಿನಿಯಲ್ಲಿ ಒಪ್ಪಿಗೆಯ ಸ್ಟಿಕ್ಕರ್ ಕೊಡಬಾರದು.