ಟ್ಯೂಬಿನ ಪಟ್ಟಿಯ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಬಳ್ಳಾರಿಯಲ್ಲಿ ಬೈಕಿನ ಹಿಂದೆ ಅಕ್ಕಿ ಮೂಟೆ ಇಟ್ಟರೆ ಬಿಗಿಯೋದು ಹಳೇ ಟ್ಯೂಬಿನ ಪಟ್ಟಿಯಿಂದ, ಅಲ್ವಾ? ಆ ಪಟ್ಟಿಯನ್ನು ಎಳೆದಾಗ ಹಿಗ್ಗೋದನ್ನು ಲೆಕ್ಕ ಹಾಕೋದು ಹೇಗೆ ಅಂತ ಇವತ್ತು ಮಾತಾಡೋಣ.

ಮೊದಲು ಉಕ್ಕು. ಉಕ್ಕಿನ ಕಾರ್ಖಾನೆಯ ತೋರಣಗಲ್ಲು ಪಕ್ಕದಲ್ಲಿರುವ ನಮಗೆ ಅದು ಹೊಸದಲ್ಲ. ಒಂದು ಮೀಟರ್ ಉದ್ದದ ಸಾದಾ ಉಕ್ಕಿನ ಕಡ್ಡಿ ಸುಮಾರು 1 ಮಿಲಿಮೀಟರ್ ಹಿಗ್ಗುವವರೆಗೆ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಅಷ್ಟರೊಳಗೆ ಭಾರ ಎರಡು ಪಟ್ಟಾದರೆ ಹಿಗ್ಗೂ ಎರಡು ಪಟ್ಟು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಹೇಳಿದ್ದು ಇದನ್ನೇ. ಒಂದೇ ಅಂಕಿಯಲ್ಲಿ ಲೆಕ್ಕ ಮುಗಿಯುತ್ತದೆ.

ರಬ್ಬರ್ ಹಾಗಲ್ಲ. ಮೂರು ಪಟ್ಟು ಉದ್ದ ಎಳೆದರೂ ವಾಪಸ್ ಬರುತ್ತದೆ. ಎಳೆದಾಗ ಪಟ್ಟಿ ಕಿರಿದಾಗೋದನ್ನು ನೋಡಿದ್ದೀರಾ? ಆದರೂ ರಬ್ಬರಿನ ಒಟ್ಟು ಗಾತ್ರ, ಅಂದರೆ ವಾಲ್ಯೂಮ್, ಹೆಚ್ಚುಕಡಿಮೆ ಬದಲಾಗಲ್ಲ. ಉದ್ದ ಮೂರು ಪಟ್ಟಾದರೆ ಅಡ್ಡ ಕತ್ತರಿಸಿದಾಗ ಕಾಣುವ ಮೈ ಮೂರನೇ ಒಂದು ಪಾಲಾಗುತ್ತದೆ. 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಪಟ್ಟಿಗೆ 2 ಕಿಲೋ ತೂಕ ಕಟ್ಟಿದಾಗ ಅದು ಮೂರು ಪಟ್ಟು ಉದ್ದವಾಯಿತು ಅಂತ ಇಟ್ಟುಕೊಳ್ಳಿ. 2 ಕಿಲೋ ಅಂದರೆ ಸುಮಾರು 20 ನ್ಯೂಟನ್ ಬಲ. ಅದನ್ನು ಅಡ್ಡ ಮೈಯ ಮೊದಲಿನ ಅಳತೆಯಿಂದ ಭಾಗಿಸಿದರೆ ಸ್ಟ್ರೆಸ್, ಅಂದರೆ ಅಷ್ಟು ಮೈಮೇಲೆ ಬೀಳುವ ಬಲ, ಚದರ ಮಿಲಿಮೀಟರಿಗೆ ಸುಮಾರು 1 ನ್ಯೂಟನ್. ಈಗಿನ ಅಳತೆಯಿಂದ ಭಾಗಿಸಿದರೆ 3. ಎರಡೂ ಸರಿ. ಆದರೆ ಯಾವುದು ಅಂತ ಬರೆಯದಿದ್ದರೆ ಮುಂದಿನವರು ದಾರಿ ತಪ್ಪುತ್ತಾರೆ.

ಉಕ್ಕಿನ ಹಾಗೆ ಒಂದೇ ಅಂಕಿ ಸಾಲದ್ದರಿಂದ ರಬ್ಬರಿನ ಲೆಕ್ಕವನ್ನು ಶಕ್ತಿಯಿಂದ ಶುರು ಮಾಡುತ್ತಾರೆ. ರಬ್ಬರ್ ಹಿಗ್ಗಿದಂತೆ ಒಳಗೆ ಎಷ್ಟು ಶಕ್ತಿ ಕೂಡಿಡುತ್ತದೆ ಅನ್ನೋದಕ್ಕೆ ಒಂದು ಸೂತ್ರ. ಸ್ಟ್ರೆಸ್ ಆ ಸೂತ್ರದಿಂದಲೇ ಹೊರಡುತ್ತದೆ. ಹೀಗೆ ಲೆಕ್ಕ ಹಾಕುವ ವಸ್ತುವನ್ನು ಇಂಜಿನಿಯರುಗಳು ಹೈಪರ್‌ಎಲಾಸ್ಟಿಕ್ ಅನ್ನುತ್ತಾರೆ. ಮೂನಿ 1940ರಲ್ಲಿ, ರಿವ್ಲಿನ್ 1948ರಲ್ಲಿ, ಆಗ್ಡೆನ್ 1972ರಲ್ಲಿ, ಹೀಗೆ ಮೂವರು ವಿಜ್ಞಾನಿಗಳು ಇಂಥ ಸೂತ್ರಗಳನ್ನು ಕೊಟ್ಟರು.

ಸೂತ್ರದೊಳಗಿನ ಅಂಕಿಗಳನ್ನು ಮಾತ್ರ ನಾವೇ ಪರೀಕ್ಷೆ ಮಾಡಿ ಹುಡುಕಬೇಕು. ಹೊಸದರಲ್ಲಿ ನಾನು ಎಡವಿದ್ದು ಇಲ್ಲೇ. ಪಟ್ಟಿಯನ್ನು ಉದ್ದಕ್ಕೆ ಮಾತ್ರ ಎಳೆದು ನೋಡಿದೆ, ಗ್ರಾಫ್ ಚೆನ್ನಾಗಿ ಕೂತಿತು, ಸಾಕು ಅಂದುಕೊಂಡೆ. ಅದೇ ಅಂಕಿಗಳನ್ನು ಎಲ್ಲ ಕಡೆಗೂ ಹಿಗ್ಗುವ ತೆಳು ರಬ್ಬರಿಗೆ ಹಾಕಿದಾಗ ಲೆಕ್ಕ ಪೂರ್ತಿ ತಪ್ಪಿತು. ಬಲೂನು ಊದಿ ನೋಡಿ. ಮೊದಲ ಉಸಿರಿಗೆ ಕೆನ್ನೆ ನೋಯುತ್ತದೆ, ಆಮೇಲೆ ಸಲೀಸು, ಕೊನೆಗೆ ಮತ್ತೆ ಬಿಗಿ. ಉದ್ದಕ್ಕೆ ಎಳೆದ ಪಟ್ಟಿ ಇದನ್ನು ಹೇಳಲ್ಲ. ಟ್ರೆಲೋರ್ ಅನ್ನೋ ವಿಜ್ಞಾನಿ 1944ರಲ್ಲಿ ಒಂದೇ ರಬ್ಬರನ್ನು ಬೇರೆ ಬೇರೆ ಬಗೆಯಲ್ಲಿ ಎಳೆದು ಅಳೆದರು: ಉದ್ದಕ್ಕೆ, ಎರಡೂ ಕಡೆಗೆ, ಅಗಲ ಬದಲಾಗದಂತೆ ಹಿಡಿದು. ಆ ಅಳತೆಗಳನ್ನು ಇವತ್ತಿಗೂ ಬಳಸುತ್ತಾರೆ.

ಇಂಜಿನಿಯರಿಂಗ್ ಓದುವ ಮಕ್ಕಳೇ, ಪಂಕ್ಚರ್ ಅಂಗಡಿಯಿಂದ ಒಂದು ಪಟ್ಟಿ ತನ್ನಿ. 5 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಅರ್ಧರ್ಧ ಕಿಲೋ ತೂಕ ಏರಿಸುತ್ತಾ ಅಂತರ ಬರೆಯಿರಿ. ಇಳಿಸುವಾಗಲೂ ಬರೆಯಿರಿ. ಎರಡು ಸಾಲುಗಳೂ ಒಂದೇ ಬರಲ್ಲ.

ನಮಸ್ಕಾರ.